ನಿಮಗಿದು ಗೊತ್ತೇ? ತೋಟದ ಟಾರ್ಚು ನೇತ್ರಾಣಿಗೆ ಸಾಲದು

ಮಂಚಿಕೇರಿ ಸುತ್ತಮುತ್ತ ಟಾರ್ಚು ಇಲ್ಲದ ಮನೆ ಹುಡುಕುವುದು ಕಷ್ಟ. ಆಟ ಮುಗಿಸಿ ಬರುವಾಗ ತೋಟದ ಹಾದಿಗೆ ಒಂದು, ಕರೆಂಟು ಹೋದಾಗ ಅಡುಗೆಮನೆಗೆ ಒಂದು, ಮಳೆಗಾಲದ ರಾತ್ರಿ ಪಂಪ್‌ಸೆಟ್ ನೋಡಿ ಬರಲು ತಲೆಗೆ ಕಟ್ಟುವುದು ಇನ್ನೊಂದು. ಈಗ ಹೊಸ ಬೇಡಿಕೆಯೊಂದು ಸೇರಿಕೊಂಡಿದೆ. ಬೆಂಗಳೂರಿನಿಂದ ರಜೆಗೆ ಬಂದ ಮಕ್ಕಳು ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಕುಮಟಾ ಮೇಲೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಬರುತ್ತಾರೆ. ಬಂದವರೇ ಮೊಬೈಲ್ ಹಿಡಿದು ಕೂರುತ್ತಾರೆ: ನೀರೊಳಗೆ ಒಯ್ಯುವ ಟಾರ್ಚು, ಕಡಿಮೆ ದುಡ್ಡಿಗೆ, ಯಾವುದು ಚಲೋದು? ಈ ಸಲದ ಅಂಕಣ ಅವರಿಗೆ, ಮತ್ತು ದುಡ್ಡು ಕೊಡಬೇಕಾದ ಅಪ್ಪ ಅಮ್ಮಂದಿರಿಗೆ.

ನೇತ್ರಾಣಿ ದ್ವೀಪ ಇರುವುದು ಭಟ್ಕಳ ತಾಲ್ಲೂಕಿನಲ್ಲಿ, ಮುರ್ಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದ ಸಮುದ್ರದಲ್ಲಿ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿದ್ದ ಗುಡ್ಡ ಇದು. ಪುನೀತ್ ರಾಜ್‌ಕುಮಾರ್ ಅವರ 'ಗಂಧದಗುಡಿ' 2022ರ ಅಕ್ಟೋಬರ್‌ನಲ್ಲಿ ತೆರೆಗೆ ಬಂತಲ್ಲ, ಅದರಲ್ಲಿ ಅವರು ನೀರಿಗಿಳಿದದ್ದು ಇಲ್ಲಿಯೇ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಸಮುದ್ರ ಶಾಂತವಾದ ಮೇಲೆ, ಸುಮಾರು ಅಕ್ಟೋಬರ್‌ನಿಂದ ಮೇ ತನಕ ದೋಣಿ ಬಿಡುತ್ತಾರೆ.

ಮೊದಲ ಸಲ ಹೋಗುವವರು ಟಾರ್ಚು ಕೊಳ್ಳಬೇಕೇ? ಬೇಡ. ತರಬೇತುದಾರರು ಹಿಡಿದುಕೊಂಡು ಇಳಿಸುವ ಈ ಪರಿಚಯದ ಡೈವಿಂಗ್‌ಗೆ ಜಗತ್ತಿನ ದೊಡ್ಡ ತರಬೇತಿ ಸಂಸ್ಥೆ ಪಾಡಿ ಇಟ್ಟಿರುವ ಮಿತಿ 12 ಮೀಟರ್. ಹಗಲು ಹೊತ್ತು, ಅಷ್ಟು ಆಳಕ್ಕೆ ಬೆಳಕು ಧಾರಾಳ. ನಿಮ್ಮ ಕೈಗೂ ಮಾಡಲು ಬೇರೆ ಕೆಲಸವಿರುತ್ತದೆ: ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು. ಓಪನ್ ವಾಟರ್ ಕೋರ್ಸ್ ಮುಗಿಸಿ 18 ಮೀಟರ್‌ಗೆ ಅರ್ಹರಾದವರು, ಮುಂದಿನ ಕೋರ್ಸ್ ಮಾಡಿ 30 ಮೀಟರ್‌ಗೆ ಇಳಿಯುವವರು, ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋಗಿ ರಾತ್ರಿ ಡೈವ್ ಮಾಡುವ ಆಸೆಯುಳ್ಳವರು ಮಾತ್ರ ಮುಂದೆ ಓದಿದರೆ ಸಾಕು. ಉಳಿದವರು ಸುಮ್ಮನೆ ಕುತೂಹಲಕ್ಕೆ ಓದಲಿ.

ಹಗಲಲ್ಲೇ ಡೈವ್ ಮಾಡುವವರಿಗೂ ಟಾರ್ಚು ಏಕೆ ಬೇಕು ಗೊತ್ತೇ? ಬಣ್ಣ ಕಾಣಲು. ನೀರು ಎಲ್ಲ ಬಣ್ಣವನ್ನೂ ಒಂದೇ ಸಮನೆ ಒಳಗೆ ಬಿಡುವುದಿಲ್ಲ. ಮೊದಲು ನುಂಗುವುದು ಕೆಂಪನ್ನು, ಐದಾರು ಮೀಟರ್‌ಗೆಲ್ಲ ಅದು ಬಹುಪಾಲು ಮಾಯ. ಆಮೇಲೆ ಕಿತ್ತಳೆ, ಹಳದಿ. ಕೊನೆತನಕ ಉಳಿಯುವುದು ನೀಲಿ. 20 ಮೀಟರ್ ಕೆಳಗೆ ಬೆರಳು ಕೊಯ್ದುಕೊಂಡರೆ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ! ಬಂಡೆಯ ಮೇಲೆ ಬೂದು ಬಣ್ಣದ ಪಾಚಿ ಎಂದುಕೊಂಡದ್ದರ ಮೇಲೆ ಟಾರ್ಚು ಬಿಟ್ಟರೆ ಅದು ಕುಂಕುಮದ ಬಣ್ಣದ ಸ್ಪಂಜು ಆಗಿರಬಹುದು. ನೇತ್ರಾಣಿಯ ಬಂಡೆಗಳ ಸಂದಿಯಲ್ಲಿ ಹಾವಿನಂಥ ಮೊರೆ ಈಲ್‌ಗಳಿವೆ, ಗುಂಪಾಗಿ ಅಲೆಯುವ ಚಿಟ್ಟೆ ಮೀನುಗಳಿವೆ. ಸಂದಿಯ ಒಳಗೆ ಇಣುಕಬೇಕೆಂದರೆ ನಡು ಮಧ್ಯಾಹ್ನವೂ ಬೆಳಕು ಬೇಕು.

ಸಮುದ್ರ ನೀಲಿಯಾಗಿರುವುದು ಆಕಾಶದ ಪ್ರತಿಬಿಂಬದಿಂದ ಎಂದು ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1921ರಲ್ಲಿ 'ನಾರ್ಕುಂಡ' ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಸಿ.ವಿ. ರಾಮನ್ ಡೆಕ್ಕಿನ ಮೇಲೆ ನಿಂತು ಪುಟ್ಟ ಉಪಕರಣ ಹಿಡಿದು ನೋಡಿದರು. ಆಕಾಶದ ಪ್ರತಿಫಲನವನ್ನು ತಡೆದರೂ ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದರು. ಅಲ್ಲಿಂದ ಹೊರಟ ದಾರಿಯೇ 1928ರ ಫೆಬ್ರವರಿ 28ರ ರಾಮನ್ ಪರಿಣಾಮಕ್ಕೆ ಮುಟ್ಟಿದ್ದು. 1933ರಲ್ಲಿ ಬೆಂಗಳೂರಿಗೆ ಬಂದವರು ಕೊನೆತನಕ ಇಲ್ಲಿಯವರೇ ಆದರು.

ಟಾರ್ಚಿನ ಬೆಳಕಿಗೂ ನೀರು ರಿಯಾಯಿತಿ ಕೊಡುವುದಿಲ್ಲ. ಮೀನು ನಿಮ್ಮಿಂದ ಮೂರು ಮೀಟರ್ ದೂರ ಇದ್ದರೆ ಬೆಳಕು ಮೂರು ಮೀಟರ್ ಹೋಗಿ ಮತ್ತೆ ಮೂರು ಮೀಟರ್ ಬರಬೇಕು. ಆರು ಮೀಟರ್ ನೀರು ದಾಟುವಷ್ಟರಲ್ಲಿ ಕೆಂಪು ಖಾಲಿ. ಹಾಗಾಗಿ ಬಣ್ಣ ನೋಡಬೇಕೆಂದರೆ ಹತ್ತಿರ ಹೋಗಬೇಕು, ದೊಡ್ಡ ಟಾರ್ಚು ತಂದು ಪ್ರಯೋಜನವಿಲ್ಲ.

ನೀರೊಳಗೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ. ನಾಲ್ಕು ಅಡಿ ದೂರದ ಮೀನು ಮೂರೇ ಅಡಿಯಲ್ಲಿ ಇದ್ದಂತೆ. ಸ್ಕೂಬಾ ಮಾಡಿ ಬಂದವರು ಹೇಳುವ ಮೀನಿನ ಗಾತ್ರವನ್ನು ಕಾಲು ಭಾಗ ಕಡಿತ ಮಾಡಿಯೇ ನಂಬಿ.

ಹೀಗೆ ಕಾಣಿಸುವುದು ಬೆಳಕು ಬಾಗುವುದರಿಂದ, ಅಂದರೆ ವಕ್ರೀಭವನದಿಂದ. ಅದರ ಇನ್ನೊಂದು ಆಟ ಟಾರ್ಚಿನ ಡಬ್ಬಿಯ ಮೇಲಿದೆ. 'ಬೀಮ್ 120 ಡಿಗ್ರಿ' ಎಂದು ಬರೆದಿರುತ್ತದೆ. ಅದು ಗಾಳಿಯಲ್ಲಿ ಅಳೆದ ಲೆಕ್ಕವಾದರೆ, ಚಪ್ಪಟೆ ಗಾಜಿನ ಟಾರ್ಚಿನಲ್ಲಿ ನೀರಿಗಿಳಿದ ಕೂಡಲೇ ಸುಮಾರು 80 ಡಿಗ್ರಿಗೆ ಕುಗ್ಗುತ್ತದೆ. ಯಾವುದರಲ್ಲಿ ಅಳೆದದ್ದು ಎಂದು ಬರೆಯುವ ಕಂಪನಿಗೆ ನನ್ನ ಒಂದು ಅಂಕ ಹೆಚ್ಚು.

ಅಗಲ ಬೆಳಕು ಒಳ್ಳೆಯದೋ, ಕೋಲಿನಂತೆ ನೇರ ಹೋಗುವ ಬೆಳಕು ಒಳ್ಳೆಯದೋ? ಅಗಲದ್ದು ವಿಡಿಯೊ ಮಾಡುವವರಿಗೆ. ನೋಡುವವರಿಗೆ ಹತ್ತು ಡಿಗ್ರಿ ಆಸುಪಾಸಿನ ಇಕ್ಕಟ್ಟು ಬೆಳಕೇ ಬೇಕು. ನೀರಿನಲ್ಲಿ ತೇಲುವ ಕಸ, ಮರಳಿನ ಕಣ, ಜೀವಾಣು ಎಲ್ಲವೂ ಬೆಳಕನ್ನು ತಿರುಗಿ ನಿಮ್ಮ ಕಣ್ಣಿಗೇ ಎಸೆಯುತ್ತವೆ. ಮಂಜು ಕವಿದ ಅರಬೈಲ್ ಘಟ್ಟದಲ್ಲಿ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತದಲ್ಲ, ಅದೇ ಕತೆ. ಅಗಲ ಬೆಳಕು ಹೆಚ್ಚು ಕಣಗಳಿಗೆ ತಾಗುತ್ತದೆ, ಗೋಡೆಯೂ ದಪ್ಪವಾಗುತ್ತದೆ. ನೇತ್ರಾಣಿಯಲ್ಲಿ ನೀರು ತಿಳಿಯಾದ ದಿನ ಯಾವುದೂ ನಡೆಯುತ್ತದೆ, ಕದಡಿದ ದಿನ ಇಕ್ಕಟ್ಟು ಬೆಳಕೇ ಗೆಲ್ಲುತ್ತದೆ.

ಯಾವ ಬೆಳಕೂ ಗೆಲ್ಲದ ನೀರೂ ಇದೆ, ಅದೂ ನಮ್ಮದೇ ಹೊಳೆಯಲ್ಲಿ. ಮಂಚಿಕೇರಿ ಸೀಮೆಯ ಬೇಡ್ತಿ ಹೊಳೆ ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿಯಾಗಿ ಅಂಕೋಲಾ ತಾಲ್ಲೂಕಿನಲ್ಲಿ ಹರಿಯುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಮಣ್ಣೆಲ್ಲ ಹೊಳೆಗೆ ಬಿತ್ತು. ಕೇರಳದ ಲಾರಿಯೊಂದನ್ನು ಹುಡುಕಲು ನೌಕಾಪಡೆಯ ಮುಳುಗುಗಾರರು, ಮಲ್ಪೆಯ ಈಶ್ವರ್ ತಂಡದವರು ಇಳಿದರು. ಮಳೆಗಾಲದ ಸೆಳವು ಒಂದು ಕಡೆ, ಕೈ ಚಾಚಿದರೆ ಕೈಯೇ ಕಾಣದ ಕೆಸರು ಇನ್ನೊಂದು ಕಡೆ. ಲಾರಿ ಮೇಲೆ ಬಂದದ್ದು ಗೋವಾದಿಂದ ಡ್ರೆಜರ್ ತಂದ ಮೇಲೆ, ಸೆಪ್ಟೆಂಬರ್ 25ಕ್ಕೆ. ಅಂಥ ನೀರಿನಲ್ಲಿ ಕೆಲಸ ಮಾಡುವವರು ಕೈತಡವಿ ನೋಡುತ್ತಾರೆ, ಹಗ್ಗ ನಂಬುತ್ತಾರೆ, ಶಬ್ದದ ಅಲೆ ಬಿಟ್ಟು ಹುಡುಕುವ ಸೋನಾರ್ ನಂಬುತ್ತಾರೆ. ಟಾರ್ಚು ಕೆಸರನ್ನೇ ಬೆಳಗಿಸುತ್ತದೆ, ಅಷ್ಟೇ. ಮಳೆಗಾಲದ ಹೊಳೆಗೆ ಹೊಸ ಟಾರ್ಚು ಹಿಡಿದು ಇಳಿಯುವ ಉಮೇದು ಯಾರಿಗಾದರೂ ಬಂದರೆ ಮನೆಯವರು ತಡೆಯಿರಿ.

'ಒಂದು ಲಕ್ಷ ಲ್ಯೂಮೆನ್, 999 ರೂಪಾಯಿ' ಎಂಬ ಜಾಹೀರಾತು ನೋಡಿದ್ದೀರಾ? ಲ್ಯೂಮೆನ್ ಎಂದರೆ ಟಾರ್ಚು ಚೆಲ್ಲುವ ಒಟ್ಟು ಬೆಳಕಿನ ಅಳತೆ. ಲೆಕ್ಕ ಹಾಕೋಣ. ಟಾರ್ಚಿನ ಎಲ್‌ಇಡಿ ಒಂದು ವ್ಯಾಟ್ ವಿದ್ಯುತ್ತಿಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಲಕ್ಷ ಲ್ಯೂಮೆನ್‌ಗೆ 1000 ವ್ಯಾಟ್ ಬೇಕು. ಒಳಗಿರುವ 18650 ಎಂಬ ನಮೂನೆಯ ಒಂದು ಬ್ಯಾಟರಿಯಲ್ಲಿ ಇರುವುದೇ ಹೆಚ್ಚೆಂದರೆ 12–13 ವ್ಯಾಟ್-ಅವರ್. ಅಂದರೆ ಮುಕ್ಕಾಲು ನಿಮಿಷಕ್ಕೆ ಬ್ಯಾಟರಿ ಬರಿದು, ಅಷ್ಟರೊಳಗೆ ಟಾರ್ಚು ಕೈಯಲ್ಲಿ ಹಿಡಿಯಲಾರದಷ್ಟು ಕಾದಿರುತ್ತದೆ. ಅದೇ ಲೆಕ್ಕದಲ್ಲಿ 1000 ಲ್ಯೂಮೆನ್‌ಗೆ 10 ವ್ಯಾಟ್ ಸಾಕು, ಒಂದು ತಾಸಿನ ಮೇಲೆ ಉರಿಯುತ್ತದೆ. ಒಂದು ಡೈವ್ ಸಾಮಾನ್ಯವಾಗಿ 40–50 ನಿಮಿಷದ್ದು. ನಂಬುವ ಹಾಗಿರುವ ಅಂಕಿ ಎಂದರೆ ಈ 1000.

ಇನ್ನೊಂದು ಗುಟ್ಟು. ನಮ್ಮ ಕಣ್ಣಿಗೆ ಬೆಳಕು ಎರಡರಷ್ಟು ಅನಿಸಬೇಕಾದರೆ ಲ್ಯೂಮೆನ್ ಸುಮಾರು ನಾಲ್ಕರಷ್ಟು ಬೇಕು. 1000ದಿಂದ 1300ಕ್ಕೆ ಏರಿಸಿದ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ, ಪರ್ಸಿಗೆ ಮಾತ್ರ ಗೊತ್ತಾಗುತ್ತದೆ.

'ಮೂರು ತಾಸು ಉರಿಯುತ್ತದೆ' ಎಂದರೆ ಮೂರು ತಾಸೂ ಒಂದೇ ಬೆಳಕು ಎಂದಲ್ಲ. ಟಾರ್ಚುಗಳ ಅಳತೆಗೆಂದೇ ಎಫ್‌ಎಲ್1 ಎಂಬ ಅಮೆರಿಕನ್ ಮಾನದಂಡವಿದೆ. ಅದರ ಪ್ರಕಾರ ಬೆಳಕು ಮೊದಲಿನ ಶೇ 10ಕ್ಕೆ ಇಳಿಯುವ ತನಕದ ಹೊತ್ತೇ 'ರನ್‌ಟೈಮ್'. 1000 ಲ್ಯೂಮೆನ್‌ನಿಂದ ಶುರುವಾಗಿ 100ಕ್ಕೆ ಕುಂಟಿಕೊಂಡು ಬಂದರೂ ಲೆಕ್ಕದಲ್ಲಿ ಅದು ಉರಿಯುತ್ತಲೇ ಇದೆ! ಕಂಪನಿಯ ಪುಟದಲ್ಲಿ ಬೆಳಕು-ಸಮಯದ ಗ್ರಾಫ್ ಇದ್ದರೆ ನೋಡಿ. ಗೆರೆ ಮಟ್ಟಸವಾಗಿ ಹೋಗಿ ಕೊನೆಗೆ ಬಿದ್ದರೆ ಒಳ್ಳೆಯದು, ಮೊದಲ ಹತ್ತು ನಿಮಿಷದಲ್ಲೇ ಇಳಿಜಾರು ಹಿಡಿದರೆ ಬಿಟ್ಟುಬಿಡಿ.

ಬ್ಯಾಟರಿಯ ಹೆಸರಿನಲ್ಲೇ ಅಳತೆ ಇದೆ. 18650 ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. 21700 ಎಂದರೆ 21 ಮತ್ತು 70. ಒಳ್ಳೆಯ ಕಂಪನಿಯ 18650ರಲ್ಲಿ ಹಿಡಿಯುವುದು 3500 ಎಂಎಎಚ್ ಆಸುಪಾಸು. ಮೇಲೆ '9900' ಎಂದು ಬರೆದಿದ್ದರೆ ಅದು ಬ್ಯಾಟರಿಯಲ್ಲ, ಸುಳ್ಳು. ಭಾರತದಲ್ಲಿ ಮಾರುವ ಇಂಥ ಲಿಥಿಯಂ ಸೆಲ್‌ಗೆ ಐಎಸ್ 16046ರ ಅಡಿ ಬಿಐಎಸ್ ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಆ ಗುರುತು ಹುಡುಕಿ. ಟಾರ್ಚಿನ ಜೊತೆ ಪುಕ್ಕಟೆ ಬಂದ ಸೆಲ್ ಮೇಲೆ ಏನೂ ಬರೆದಿಲ್ಲದಿದ್ದರೆ ಅದನ್ನು ಪಕ್ಕಕ್ಕಿಟ್ಟು ಒಂದು ಒಳ್ಳೆಯ ಸೆಲ್ ತನ್ನಿ.

ವಿಮಾನದಲ್ಲಿ ಒಯ್ಯುವಾಗ ಬಿಡಿ ಲಿಥಿಯಂ ಸೆಲ್ ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಡೈವಿಂಗ್ ಟಾರ್ಚು ಬ್ಯಾಗಿನೊಳಗೆ ತಾನಾಗಿ ಹೊತ್ತಿಕೊಂಡರೆ ಬಟ್ಟೆ ಸುಡುವಷ್ಟು ಕಾಯುತ್ತದೆ. ಅದಕ್ಕೇ ಸೆಲ್ ಬೇರೆ ತೆಗೆದಿಟ್ಟೇ ಪ್ರಯಾಣ, ಟಿಕೆಟ್ ಮಾಡಿಸುವಾಗಲೇ ವಿಮಾನ ಕಂಪನಿಯ ನಿಯಮ ಕೇಳಿಕೊಳ್ಳಿ. ಹೀಗೆ ಕಾಯುವುದರಿಂದಲೇ ಮನೆಯ ಜಗುಲಿಯಲ್ಲಿ ಪೂರ್ತಿ ಬೆಳಕಿಟ್ಟು ನೆಂಟರಿಗೆ ತೋರಿಸುತ್ತ ಕೂರಬೇಡಿ. ಇವು ಸುತ್ತ ನೀರಿದ್ದಾಗ ತಣಿಯುವ ಹಾಗೆ ಮಾಡಿದ ಟಾರ್ಚುಗಳು.

ಈಗ ಬಹಳ ಜನ ಮೋಸ ಹೋಗುವ ಜಾಗಕ್ಕೆ ಬರೋಣ. 'ವಾಟರ್‌ಪ್ರೂಫ್.' ಮೊದಲ ಮಳೆಗೆ ಗದ್ದೆಗೆ ಹತ್ತಿದ ಮೀನು ಹಿಡಿಯಲು ಹೋದವನ ಟಾರ್ಚು ಮಳೆಯಲ್ಲಿ ನೆಂದೂ ಉರಿಯಿತು ಎಂದರೆ ಅದು ಸಮುದ್ರಕ್ಕೆ ಲಾಯಕ್ಕು ಎಂದಲ್ಲ. ಡಬ್ಬಿಯ ಮೇಲೆ ಐಪಿ67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ, ಅಷ್ಟೇ. ಐಪಿಎಕ್ಸ್8 ಎಂದರೆ ಅದಕ್ಕಿಂತ ಕಠಿಣ ಪರೀಕ್ಷೆ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳಬೇಕು. ಎರಡು ಮೀಟರ್‌ನ ಐಪಿಎಕ್ಸ್8 ಟಾರ್ಚೂ ಉಂಟು, 150 ಮೀಟರ್‌ನದೂ ಉಂಟು. ಹಾಗಾಗಿ ಅಕ್ಷರ ನೋಡಬೇಡಿ, ಮೀಟರ್ ನೋಡಿ. 100 ಮೀಟರ್ ಅಥವಾ ಮೇಲೆ ಎಂದು ಬರೆದದ್ದೇ ಇರಲಿ. ಮೋಜಿಗಾಗಿ ಇಳಿಯುವವರ ಕೊನೆಯ ಗಡಿ 40 ಮೀಟರ್. ಕಂಪನಿಯ ಮಾತಿನಲ್ಲಿ ಅರ್ಧ ಸುಳ್ಳಾದರೂ ನಿಮಗೆ ಜಾಗ ಉಳಿಯುತ್ತದೆ.

ಪ್ರತಿ ಹತ್ತು ಮೀಟರ್‌ಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚು. ನಾಲ್ಕು ಸೆಂ.ಮೀ. ಅಗಲದ ಟಾರ್ಚಿನ ಗಾಜಿನ ಮೇಲೆ 20 ಮೀಟರ್ ಆಳದಲ್ಲಿ ಸುಮಾರು 25 ಕೆ.ಜಿ. ಭಾರ ಕೂತಿರುತ್ತದೆ. ಅಷ್ಟು ಭಾರವನ್ನು ಹೊರಗೆ ನಿಲ್ಲಿಸುವುದು ಒಂದು ರಬ್ಬರ್ ಬಳೆ: ಓ-ರಿಂಗ್. ಕೆಲವೇ ರೂಪಾಯಿಯ ವಸ್ತು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಏಳು ಜನರೊಡನೆ ಆಕಾಶದಲ್ಲಿ ಛಿದ್ರವಾದದ್ದೂ ಚಳಿಗೆ ಸೆಟೆದುಕೊಂಡ ಓ-ರಿಂಗ್‌ನಿಂದಲೇ. ವಿಜ್ಞಾನಿ ಫೈನ್‌ಮನ್ ವಿಚಾರಣಾ ಆಯೋಗದ ಮುಂದೆ ಆ ರಬ್ಬರಿನ ತುಂಡನ್ನು ಐಸ್ ನೀರಿನಲ್ಲಿ ಅದ್ದಿ ತೋರಿಸಿದ್ದರು.

ಟಾರ್ಚಿನ ಓ-ರಿಂಗನ್ನು ಹತ್ತಿರದಿಂದ ನೋಡಿ. ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರೆ ಎಳೆಗಳ ಬುಡದಲ್ಲಿ ಒಂದು ಬಳೆ, ಒಳ್ಳೆಯ ಟಾರ್ಚಿನಲ್ಲಿ ಎರಡು. ಬೆರಳ ತುದಿಯಿಂದ ಒಂದು ಬದಿಗೆ ತಳ್ಳಿದರೆ ಸಣ್ಣ ಮಡಿಕೆ ಏಳುತ್ತದೆ, ಅಲ್ಲಿಂದ ಎತ್ತಬೇಕು. ಪಿನ್ನು, ಸೂಜಿ ಮುಟ್ಟಿಸಬೇಡಿ. ಗೀರು ಬಿದ್ದ ಬಳೆ ಕಸದ ಬುಟ್ಟಿಗೇ. ಬಳೆಯನ್ನೂ ಅದು ಕೂರುವ ಕಾಲುವೆಯನ್ನೂ ನೂಲು ಬಿಡದ ಬಟ್ಟೆಯಿಂದ ಒರೆಸಿ. ಬೆಳಕಿಗೆ ಹಿಡಿದರೆ ಒಂದು ಕೂದಲು, ಮರಳಿನ ಒಂದು ಹರಳು ಕಂಡೀತು. ನೀರು ನುಗ್ಗಲು ಆ ಒಂದು ಕೂದಲು ಸಾಕು. ಆಮೇಲೆ ಕಂಪನಿ ಹೇಳಿದ ಗ್ರೀಸ್, ಸಾಮಾನ್ಯವಾಗಿ ಸಿಲಿಕೋನ್ ಗ್ರೀಸ್, ಬಳೆ ಹೊಳೆಯುವಷ್ಟು ಮಾತ್ರ. ಮುದ್ದೆ ಮುದ್ದೆ ಬಳಿದರೆ ಅದೇ ಮರಳು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್, ಪಂಪ್‌ಸೆಟ್ಟಿನ ಗ್ರೀಸ್ ಬೇಡವೇ ಬೇಡ. ಬಳೆ ಉಬ್ಬಬಹುದು, ಬಿರುಕು ಬಿಡಬಹುದು.

ಓ-ರಿಂಗ್ ಆಳದಲ್ಲಿ ಸೋರುವುದಕ್ಕಿಂತ ಮೇಲ್ಮೈ ಹತ್ತಿರ ಸೋರುವ ಸಂಭವವೇ ಹೆಚ್ಚು ಎಂದರೆ ನಂಬುತ್ತೀರಾ? ಒತ್ತಡ ಹೆಚ್ಚಿದಂತೆ ನೀರೇ ಬಳೆಯನ್ನು ಕಾಲುವೆಗೆ ಒತ್ತಿ ಕೂರಿಸುತ್ತದೆ. ಮೊದಲ ಎರಡು-ಮೂರು ಮೀಟರ್‌ನಲ್ಲಿ ಆ ಒತ್ತಡ ಸಾಲದು. ಮನೆಯಲ್ಲಿ ಪರೀಕ್ಷೆ ಮಾಡುವುದಕ್ಕೆ ಅರ್ಥ ಬರುವುದು ಇದರಿಂದಲೇ. ಸೆಲ್ ತೆಗೆದು, ಒಳಗೆ ಒಣ ಟಿಶ್ಯೂ ಸುತ್ತಿ ತುರುಕಿ, ಮುಚ್ಚಿ, ಕಲ್ಲು ಕಟ್ಟಿ, ಹಗ್ಗದಲ್ಲಿ ಬಾವಿಗೆ ಬಿಡಿ. ಮೊದಲು ನೀರಿನ ಮಟ್ಟದಿಂದ ಒಂದು ಮೊಳ ಕೆಳಗೆ, ಆಮೇಲೆ ತಳಕ್ಕೆ. ಅರ್ಧ ತಾಸಿನ ಮೇಲೆ ಎತ್ತಿ, ಹೊರಮೈ ಪೂರ್ತಿ ಒರೆಸಿ, ಬಿಚ್ಚಿ. ಟಿಶ್ಯೂ ಒದ್ದೆಯಾಗಿದ್ದರೆ ಟಾರ್ಚು ವಾಪಸ್. ಒಣಗಿದ್ದರೆ ಅರ್ಧ ಪಾಸು. ಬಾವಿ 20 ಮೀಟರ್ ಸಮುದ್ರಕ್ಕೆ ಸಮವಲ್ಲ.

ಸ್ವಿಚ್ ಎಲ್ಲಿದೆ ನೋಡಿ. ಒತ್ತುವ ರಬ್ಬರ್ ಗುಂಡಿ ಇರುವ ಟಾರ್ಚಿನ ಮೈಯಲ್ಲಿ ಒಂದು ತೂತು ಇದ್ದೇ ಇದೆ. ಆಳಕ್ಕೆ ಹೋದಂತೆ ನೀರೇ ಗುಂಡಿ ಒತ್ತಿ ಟಾರ್ಚು ತಾನಾಗಿ ಆರಿದ್ದೂ ಹೊತ್ತಿದ್ದೂ ಉಂಟು. ಕುತ್ತಿಗೆಯ ಉಂಗುರ ತಿರುಗಿಸಿ ಒಳಗಿನ ಅಯಸ್ಕಾಂತದಿಂದ ನಡೆಯುವ ಸ್ವಿಚ್‌ಗೆ ತೂತೇ ಬೇಡ. ಚಾರ್ಜಿಂಗ್ ಪಿನ್ ಟಾರ್ಚಿನ ಮೈಯಲ್ಲೇ ಇದ್ದರೆ ಅದೂ ಒಂದು ತೂತು. ಸೆಲ್ ಹೊರತೆಗೆದು ಚಾರ್ಜ್ ಮಾಡುವಂಥದ್ದೇ ನಿಶ್ಚಿಂತೆ. ಮಿಣುಕುವುದು, ಎಸ್‌ಒಎಸ್, ಕೆಂಪು, ನೇರಳೆ ಎಂದು ಎಂಟು ಮೋಡ್ ಇರುವ ಟಾರ್ಚಿಗಿಂತ ಹೆಚ್ಚು-ಕಡಿಮೆ ಎರಡೇ ಮೋಡ್ ಇರುವುದು ನನ್ನ ಪ್ರಕಾರ ಉತ್ತಮ.

ನೀರು ನುಗ್ಗಿದ ಟಾರ್ಚನ್ನು ಮುಖದ ಎದುರು ಹಿಡಿದು ಬಿಚ್ಚಬಾರದು. ಸೆಲ್‌ಗೆ ಉಪ್ಪುನೀರು ತಾಗಿದರೆ ಅನಿಲ ಹುಟ್ಟಿ ಒಳಗೆ ಒತ್ತಡ ಕಟ್ಟಿಕೊಳ್ಳಬಹುದು, ಮುಚ್ಚಳ ಸಿಡಿಯಬಹುದು. ಯಾರೂ ಇಲ್ಲದ ಕಡೆಗೆ ತಿರುಗಿಸಿ, ನಿಧಾನ ಸಡಿಲಿಸಿ.

ತಲೆಗೆ ಕಟ್ಟುವ ಲೈಟು ತೋಟಕ್ಕೆ ಚಲೋ, ಜೊತೆಗಾರನಿರುವ ಡೈವಿಂಗ್‌ಗೆ ಕೆಟ್ಟದ್ದು. ನೀವು ಮುಖ ತಿರುಗಿಸಿದಾಗೆಲ್ಲ ಜೊತೆಯವರ ಕಣ್ಣು ಕುಕ್ಕುತ್ತದೆ. ಕೈಯಲ್ಲಿದ್ದರೆ ಮಾತೂ ಆಡಬಹುದು: ಬೆಳಕಿನಿಂದ ನೆಲದ ಮೇಲೆ ನಿಧಾನ ದೊಡ್ಡ ವೃತ್ತ ಬರೆದರೆ 'ನಾನು ಸರಿ ಇದ್ದೇನೆ', ಅಡ್ಡಡ್ಡ ಜೋರಾಗಿ ಬೀಸಿದರೆ 'ತೊಂದರೆ'. ಕೈಸನ್ನೆ ಮಾಡುವಾಗ ಬೆಳಕನ್ನು ತನ್ನ ಕೈಯ ಮೇಲೆ ಬಿಟ್ಟುಕೊಳ್ಳಬೇಕು, ಎದುರಿನವರ ಮುಖಕ್ಕಲ್ಲ.

ಮೀನುಗಳಿಗೂ ಟಾರ್ಚಿನ ಲಾಭ ಗೊತ್ತು. ರಾತ್ರಿ ಡೈವ್‌ನಲ್ಲಿ ಸಿಂಹಮೀನು ಡೈವರ್‌ಗಳ ಬೆಂಬತ್ತಿ ಬಂದು, ಬೆಳಕಿಗೆ ಸಿಕ್ಕಿಬಿದ್ದ ಪುಟ್ಟ ಮೀನನ್ನು ಗುಳುಂ ಮಾಡುತ್ತದೆ. ಗಿಳಿಮೀನಿನ ಕೆಲವು ಜಾತಿಗಳು ತಮ್ಮದೇ ಲೋಳೆಯ ಪರದೆ ಕಟ್ಟಿಕೊಂಡು ಅದರೊಳಗೆ ಮಲಗುತ್ತವೆ. ಅವುಗಳ ಮೇಲೆ ಬೆಳಕು ನಿಲ್ಲಿಸಿ ಎಬ್ಬಿಸುವುದು ಒಳ್ಳೆಯ ನಡತೆಯಲ್ಲ. ಹವಳ, ಕಡಲಕುದುರೆ, ತಿಮಿಂಗಿಲ ಶಾರ್ಕ್ ಎಲ್ಲವೂ 2001ರಿಂದಲೇ ವನ್ಯಜೀವಿ ಕಾಯ್ದೆಯ ರಕ್ಷಣೆಗೆ ಬಂದಿವೆ. ನೋಡಬಹುದು, ಮುಟ್ಟುವಂತಿಲ್ಲ, ಚೂರು ಮುರಿದು ತರುವುದಂತೂ ಅಪರಾಧ.

ಗುಹೆಯೊಳಗೆ ಈಜುವ ಡೈವರ್‌ಗಳಿಗೆ ಒಬ್ಬೊಬ್ಬರಿಗೂ ಮೂರು ಟಾರ್ಚು ಎಂಬ ನಿಯಮವಿದೆ. ರಾತ್ರಿ ಇಳಿಯುವವರಿಗೆ ಎರಡು. ಹೀಗಾಗಿ ಕಡಿಮೆ ದುಡ್ಡಿನವರಿಗೆ ನನ್ನ ತೀರ್ಪು ಸರಳ. ದೊಡ್ಡ ದುಬಾರಿ ಟಾರ್ಚು ಒಂದು ಬೇಡ, ಸಾಧಾರಣದ್ದು ಎರಡು ಇರಲಿ. ಮೊದಲಿನದು 1000 ಲ್ಯೂಮೆನ್ ಆಸುಪಾಸು, ಇಕ್ಕಟ್ಟು ಬೆಳಕು, ಒಂದು 18650 ಅಥವಾ 21700 ಸೆಲ್, ಎರಡು ಓ-ರಿಂಗ್, ಅಲ್ಯುಮಿನಿಯಂ ಮೈ, ಮಣಿಕಟ್ಟಿಗೆ ಹಗ್ಗ. ಎರಡನೆಯದು ಅದಕ್ಕಿಂತ ಚಿಕ್ಕದಾದರೂ ನಡೆಯುತ್ತದೆ, ಸೆಲ್ ಮಾತ್ರ ಒಂದೇ ನಮೂನೆಯದಿರಲಿ. ಆರ್ಕಾಟಾರ್ಚ್, ಸೋಫಿರ್ನ್, ವುರ್ಕೋಸ್‌ನಂಥ ಚೀನೀ ಕಂಪನಿಗಳು ಈ ವರ್ಗದಲ್ಲಿ ಡೈವಿಂಗ್‌ಗೆಂದೇ ಮಾಡಿದ ಮಾಡೆಲ್ ಇಟ್ಟಿವೆ. ವಿದೇಶದಿಂದ ತರಿಸಿದರೆ ಸುಂಕ ಸೇರಿಸಿ ಬೆಲೆ ಹೋಲಿಸಿ. ವರ್ಷಕ್ಕೆ ಒಂದೇ ಸಲ ಇಳಿಯುವವರು ಡೈವ್ ಅಂಗಡಿಯಲ್ಲಿ ಬಾಡಿಗೆಗೆ ಕೇಳುವುದೇ ಜಾಣತನ.

ಸಮುದ್ರದಿಂದ ಬಂದ ಕೂಡಲೇ ಟಾರ್ಚನ್ನು ಮುಚ್ಚಿದ ಹಾಗೆಯೇ ಸಿಹಿನೀರಿನ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿಡಿ, ಒಣಗಿದ ಮೇಲೆಯೇ ಬಿಚ್ಚಿ. ಇನ್ನೊಂದು ಮಾತು: ಪಾರ್ಸೆಲ್ ಬಂದ ವಾರದಲ್ಲೇ ಬಾವಿಯ ಪರೀಕ್ಷೆ ಮುಗಿಸಿ. ನೇತ್ರಾಣಿ ಶುರುವಾಗುವುದು ಅಕ್ಟೋಬರ್‌ಗೆ ಎಂದು ಜುಲೈಯಲ್ಲಿ ತರಿಸಿದ ಟಾರ್ಚನ್ನು ಕಪಾಟಿನಲ್ಲಿಟ್ಟರೆ, ಸೋರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಅದನ್ನು ಹಿಂತಿರುಗಿಸುವ ಗಡುವು ಮುಗಿದಿರುತ್ತದೆ.